ಗಿಡಕ್ಕೆ ನೀರು ಹಾಕುವ ಶಿಕ್ಷೆ

ನಮ್ಮ ಬಡಾವಣೆಯ ಉದ್ಯಾನದಲ್ಲಿ ಸಂಜೆ ಐದೂವರೆಗೆ ಸೇರುವ ನಿವೃತ್ತರ ಕೂಟವೊಂದಿದೆ. ದೇಶದ ಸಮಸ್ಯೆಗಳೆಲ್ಲ ಅಲ್ಲಿಯ ಎರಡು ಸಿಮೆಂಟು ಬೆಂಚುಗಳ ಮೇಲೆ ದಿನಕ್ಕೊಂದರಂತೆ ಬಗೆಹರಿಯುತ್ತವೆ. ಹೋದ ತಿಂಗಳು ಒಂದು ದಿನ ರೈತರ ಸರದಿ ಬಂತು. ಸರ್ಕಾರದಲ್ಲಿ ದೊಡ್ಡ ಇಂಜಿನಿಯರಾಗಿದ್ದ ಮಿತ್ರರೊಬ್ಬರು, ಸಜ್ಜನರು, ಹಳ್ಳಿಯ ಹುಡುಗರು ಬೇಸಾಯ ಬಿಟ್ಟು ಪಟ್ಟಣಕ್ಕೆ ಓಡಿಬರುವ ರೋಗಕ್ಕೆ ಮದ್ದು ಹೇಳಿದರು: "ಹಳ್ಳಿ ಶಾಲೆಗಳಲ್ಲಿ ವ್ಯವಸಾಯಾನ ಕಡ್ಡಾಯ ಮಾಡಿಬಿಡಬೇಕು ಕಣ್ರೀ. ಚಿಕ್ಕಂದಿನಲ್ಲೇ ಮಣ್ಣಿನ ರುಚಿ ಹತ್ತಿಸಿದರೆ ಯಾರೂ ಊರು ಬಿಡೋದಿಲ್ಲ." ಎಲ್ಲರೂ ತಲೆದೂಗಿದರು. ನಾನು, "ಒಳ್ಳೆಯ ಮಾತು ಸಾರ್. ನಿಮ್ಮ ಮೊಮ್ಮಗನ ಶಾಲೆಯಲ್ಲೂ ಮಾಡಿಸೋಣವೆ?" ಎಂದೆ. ಅವರು ನನ್ನನ್ನು ನಿಜವಾದ ಆಶ್ಚರ್ಯದಿಂದ ನೋಡಿ, "ಅವನಿಗ್ಯಾಕ್ರೀ?" ಎಂದರು.

ಈ ಲೇಖನ ಆ "ಅವನಿಗ್ಯಾಕ್ರೀ" ಎಂಬ ಮಾತನ್ನು ಕುರಿತದ್ದು. ನಮ್ಮ ಶಾಲೆಗಳಲ್ಲಿ ಕೃಷಿ ಮತ್ತು ತೋಟಗಾರಿಕೆಯ ಬೋಧನೆ ಕೆಟ್ಟಿರುವುದಕ್ಕೆ ಜಮೀನಿಲ್ಲ, ನೀರಿಲ್ಲ, ದುಡ್ಡಿಲ್ಲ ಎಂದು ಕಾರಣಗಳನ್ನು ಹೇಳುವುದುಂಟು. ಅವೆಲ್ಲ ಇರಬಹುದು. ಆದರೆ ಮೊದಲ ಕಾರಣ ನಾವು, ಅಂದರೆ ಭಾನುವಾರ ಕಾಫಿ ಕುಡಿಯುತ್ತ ಈ ಪುರವಣಿಯನ್ನು ಓದುವ ವರ್ಗ, ಎಂದು ನಾನು ವಾದಿಸುವವನಿದ್ದೇನೆ. ಬೇಸಾಯದ ವಿದ್ಯೆ ಪರರ ಮಕ್ಕಳಿಗೆ ಬಹಳ ಒಳ್ಳೆಯದೆಂದು ನಾವು ಮೂರು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದೇವೆ. ಪರರು ದಡ್ಡರಲ್ಲ, ಅವರಿಗೆ ಅರ್ಥವಾಗಿದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೂಡಿಸಿದ ಶಿಕ್ಷಣ ಸಮ್ಮೇಳನವೂ, ಆ ಬಳಿಕ ಜಾಕಿರ್ ಹುಸೇನರ ಸಮಿತಿ ರೂಪಿಸಿದ ಮೂಲಶಿಕ್ಷಣದ ಯೋಜನೆಯೂ ಹಿರಿಯ ಓದುಗರಿಗೆ ನೆನಪಿರಬಹುದು. ಏಳರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಒಂದು ಕಸುಬಿನ ಸುತ್ತ ವಿದ್ಯೆಯನ್ನು ಹೆಣೆಯಬೇಕು. ನೂಲುವುದೋ, ಮರಗೆಲಸವೋ, ಬೇಸಾಯವೋ, ಅದರಿಂದಲೇ ಲೆಕ್ಕ, ವಿಜ್ಞಾನ, ಸಮಾಜ ಎಲ್ಲವೂ ಹೊರಡಬೇಕು ಎಂಬುದು ಅದರ ತಿರುಳು. ಮಕ್ಕಳಿಗೆ ಎಂದರೆ ಎಲ್ಲ ಮಕ್ಕಳಿಗೂ. ಸ್ವಾತಂತ್ರ್ಯ ಬಂತು, ಮೂಲಶಿಕ್ಷಣದ ಶಾಲೆಗಳು ಹಳ್ಳಿಗಳಲ್ಲಿ ತೆರೆದವು, ಅದನ್ನು ಹೊಗಳಿ ಭಾಷಣ ಮಾಡಿದವರ ಮಕ್ಕಳು ಕಾನ್ವೆಂಟಿಗೆ ಹೋದರು. ಹಳ್ಳಿಯ ತಂದೆ ಇದನ್ನು ನೋಡಿದ. ತನ್ನ ಮಗನಿಗೆ ಚರಕ ಮತ್ತು ಗುದ್ದಲಿ, ಅಮಲ್ದಾರರ ಮಗನಿಗೆ ಷೇಕ್ಸ್‌ಪಿಯರ್ ಎಂಬ ಏರ್ಪಾಡನ್ನು ಅವನು ಒಪ್ಪದೆ ಹೋದದ್ದು ಹಿಂದುಳಿದ ಬುದ್ಧಿಯೆಂದು ಆಗ ಕೆಲವರು ಬರೆದರು. ನನಗೆ ಅದು ಅತ್ಯಂತ ಮುಂದುವರಿದ ಬುದ್ಧಿಯಾಗಿ ಕಾಣುತ್ತದೆ.

1952-53ರ ಮುದಲಿಯಾರ್ ಆಯೋಗ ವಿವಿಧೋದ್ದೇಶ ಪ್ರೌಢಶಾಲೆಗಳನ್ನು ಹೇಳಿತು. ಅದರಲ್ಲಿ ಕೃಷಿಯೂ ಒಂದು ಕವಲು. ಆ ಕವಲಿನಲ್ಲಿ ನಡೆದವರ ಸಂಖ್ಯೆಯನ್ನು ಕೇಳಬೇಡಿ. 1966ರಲ್ಲಿ ವರದಿ ಕೊಟ್ಟ ಕೊಠಾರಿ ಆಯೋಗವಾದರೂ ನೇರವಾಗಿ ಮಾತಾಡಿತು: ಕೆಳಗಿನ ತರಗತಿಗಳಲ್ಲಿ ಹುಡುಗರನ್ನು ಬೇಸಾಯದ ವೃತ್ತಿಗೆಂದು ಅಚ್ಚುಕಟ್ಟಿ ತಯಾರಿಸುವ ಪ್ರಯತ್ನ ಸೋತಿದೆ, ಅದನ್ನು ಬಿಟ್ಟು, ನಗರದ ಶಾಲೆಗಳೂ ಸೇರಿದಂತೆ ಎಲ್ಲ ಪ್ರಾಥಮಿಕ ಶಾಲೆಗಳ ಸಾಮಾನ್ಯ ಪಾಠಗಳಿಗೇ ಕೃಷಿಯ ಕಡೆ ಒಂದು ಒಲವು ಕೊಡಿ ಎಂದಿತು. ನಗರದ ಶಾಲೆಗಳೂ ಸೇರಿದಂತೆ! ಆ ವರದಿಯಿಂದ ಕೃಷಿ ವಿಶ್ವವಿದ್ಯಾನಿಲಯಗಳ ಮಾತನ್ನು ಎತ್ತಿಕೊಂಡೆವು, ಹತ್ತು-ಎರಡು-ಮೂರರ ಲೆಕ್ಕವನ್ನು ಎತ್ತಿಕೊಂಡೆವು. ಈ ಒಂದು ಸಾಲನ್ನು ಅಲ್ಲೇ ಬಿಟ್ಟೆವು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ "ಸಮಾಜೋಪಯೋಗಿ ಉತ್ಪಾದಕ ಕಾರ್ಯ" ಎಂಬ ಉದ್ದನೆಯ ಹೆಸರನ್ನು ತಂದಿತು. ಅದರ ಇಂಗ್ಲಿಷ್ ಹೆಸರಿನ ನಾಲ್ಕು ಮೊದಲಕ್ಷರಗಳಿಗೆ ಹುಡುಗರು "ಕೆಲವು ಉಪಯುಕ್ತ ಪೀರಿಯಡ್ಡುಗಳು ವ್ಯರ್ಥ" ಎಂದು ಅರ್ಥ ಕಟ್ಟಿ ನಕ್ಕರು. ಹುಡುಗರ ಭಾಷ್ಯವೇ ಸರಿಯಾಗಿತ್ತು.

ಹೀಗೆ ಆಯೋಗಗಳ ಮೇಲೆ ಆಯೋಗ ಬಂದಾಗ ನಾನೆಲ್ಲಿದ್ದೆ? ಹೇಳಬೇಕಾದದ್ದೇ. ಇತರರನ್ನು ದೂರುವವನು ತನ್ನ ಪಾಲನ್ನು ಮುಚ್ಚಿಟ್ಟರೆ ಅದು ನ್ಯಾಯವಲ್ಲ.

ನಾನು ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಿನ ಪ್ರೌಢಶಾಲೆಯಲ್ಲಿ 1981ರಿಂದ ಕೆಲವು ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದೆ. ಶಾಲೆಯ ಹಿಂದೆ ಅರ್ಧ ಎಕರೆಯಷ್ಟು ಜಾಗ, ಒಂದು ಸೇದುವ ಬಾವಿ. ಕ್ರಾಫ್ಟ್ ಮೇಷ್ಟ್ರು ನಿವೃತ್ತರಾಗಿದ್ದರು. ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಗುರುವಾರ ಮಧ್ಯಾಹ್ನದ ಕೊನೆಯ ಎರಡು ಪೀರಿಯಡ್ಡು "ತೋಟಗಾರಿಕೆ" ಎಂದು ವೇಳಾಪಟ್ಟಿಯಲ್ಲಿ ಉಳಿದುಕೊಂಡಿತ್ತು. ಹೆಡ್ಮಾಸ್ಟರು ಅದನ್ನು ನನ್ನ ತಲೆಗೆ ಕಟ್ಟಿದರು. ಎಸ್ಸೆಸ್ಸೆಲ್ಸಿ ಫಲಿತಾಂಶದ ಚಿಂತೆಯಲ್ಲಿದ್ದ ನಾನು ಒಂದು ಸುಲಭದ ದಾರಿ ಕಂಡುಕೊಂಡೆ. ಲೆಕ್ಕ ಬರುವ ಹುಡುಗರನ್ನು ಒಳಗೆ ಕೂರಿಸಿಕೊಂಡು ಸ್ಪೆಷಲ್ ಕ್ಲಾಸು ಮಾಡುವುದು. ಲೆಕ್ಕ ಬರದವರನ್ನು, ಮನೆಪಾಠ ಮಾಡದವರನ್ನು, ತಡವಾಗಿ ಬಂದವರನ್ನು, "ಹೋಗ್ರೋ, ಗಿಡಕ್ಕೆ ನೀರು ಹಾಕ್ರೋ" ಎಂದು ಹಿಂದಕ್ಕೆ ಅಟ್ಟುವುದು. ಹಾಗೆ ಅಟ್ಟುವಾಗ ಯಾರ ಹೆಸರುಗಳು ನನ್ನ ಬಾಯಿಗೆ ಮೊದಲು ಬರುತ್ತಿದ್ದವು, ಆ ಹುಡುಗರು ಊರಿನ ಯಾವ ಕೇರಿಯಿಂದ ಬರುತ್ತಿದ್ದರು ಎಂಬುದನ್ನು ಆಗ ನಾನು ಯೋಚಿಸಲಿಲ್ಲ. ಈಗ ಯೋಚಿಸಿದರೆ ಪಟ್ಟಿ ಸ್ಪಷ್ಟವಾಗಿಯೇ ಕಾಣುತ್ತದೆ. ಅವರು ಬೆಳೆದ ಬದನೆಕಾಯಿ ಹೆಡ್ಮಾಸ್ಟರ ಮನೆಗೆ ಹೋಗುತ್ತಿತ್ತು. ನಮ್ಮ ಮನೆಗೂ ಬಂದಿದೆ. ಹುಳಿ ಚೆನ್ನಾಗಿತ್ತು.

ಅವರಲ್ಲಿ ಒಬ್ಬ ಹುಡುಗ ಕೆಲವು ವರ್ಷಗಳ ಹಿಂದೆ ತಿಪಟೂರಿನ ಒಂದು ಮದುವೆಯಲ್ಲಿ ಸಿಕ್ಕ. ಹುಡುಗ ಎಂದೆ, ತಲೆ ಪೂರಾ ಬೆಳ್ಳಗಾಗಿದೆ. ನಾಲ್ಕು ಎಕರೆ ತೆಂಗಿನ ತೋಟ, ಒಂದು ಬೋರ್‌ವೆಲ್. ಕಾಲಿಗೆ ನಮಸ್ಕಾರ ಮಾಡಿ ಪಕ್ಕದಲ್ಲಿ ಕೂತ. ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆಂದೂ, ಅವಳನ್ನು ತೋಟದ ಕಡೆ ಸುಳಿಯಗೊಡಲಿಲ್ಲವೆಂದೂ ಹೆಮ್ಮೆಯಿಂದ ಹೇಳಿದ. ನಿವೃತ್ತ ಮೇಷ್ಟ್ರಿಗೆ ಬಾಯಿ ಸುಮ್ಮನಿರುತ್ತದೆಯೆ? ಮಕ್ಕಳಿಗೆ ಬೇಸಾಯದ ತಿಳಿವಳಿಕೆ ಕೊಡಬೇಕಪ್ಪ, ಇಲ್ಲದಿದ್ದರೆ ನಾಳೆ ಆ ತೋಟ ನೋಡುವವರು ಯಾರು ಎಂದು ಉಪದೇಶಕ್ಕೆ ತೊಡಗಿದೆ. ಅವನು ನಕ್ಕು, "ನೀವೇ ಅಲ್ವಾ ಸಾ, ಲೆಕ್ಕ ಬರದೋನು ಗಿಡಕ್ಕೆ ನೀರು ಹಾಕು ಅಂತ ಕಳಿಸ್ತಿದ್ದೋರು? ಇದು ಲೆಕ್ಕ ಬರದೋರ ಕೆಲಸ ಅಂತ ಅವತ್ತೇ ಗೊತ್ತಾಯ್ತು. ಮಗಳಿಗೆ ಲೆಕ್ಕ ಚೆನ್ನಾಗಿ ಬರ್ತದೆ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಎಲೆಗೆ ಬಡಿಸುವವರು ಬಂದದ್ದರಿಂದ ನಾನು ಉತ್ತರ ಹೇಳಬೇಕಾಗಲಿಲ್ಲ.

ಲೆಕ್ಕ ಬರದವರ ಕೆಲಸ! ಇದಕ್ಕಿಂತ ದೊಡ್ಡ ಸುಳ್ಳನ್ನು ಒಬ್ಬ ವಿಜ್ಞಾನದ ಮೇಷ್ಟ್ರು ಕಲಿಸುವುದು ಸಾಧ್ಯವಿಲ್ಲ. ಒಂದೇ ಉದಾಹರಣೆ ಹೇಳುತ್ತೇನೆ. ಮೈಲುತುತ್ತದ ನೀರಿನಲ್ಲಿ ಕಬ್ಬಿಣದ ಮೊಳೆ ಮುಳುಗಿಸಿಟ್ಟರೆ ಅದರ ಮೇಲೆ ಕಂದುಗೆಂಪು ತಾಮ್ರ ಕೂಡುತ್ತದೆ, ನೀರಿನ ನೀಲಿ ಮಾಸುತ್ತದೆ ಎಂಬ ಪ್ರಯೋಗವನ್ನು ಹೈಸ್ಕೂಲಿನಲ್ಲಿ ಓದದವರಿಲ್ಲ. ನಾನು ಅದನ್ನು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದಿದ್ದೇನೆ. ಮೊಳೆಯನ್ನು ಕಣ್ಣಾರೆ ತೋರಿಸಿದ್ದು ಎರಡೋ ಮೂರೋ ಸಲ. ಇತ್ತ ಮಲೆನಾಡಿನ ಅಡಿಕೆ ಬೆಳೆಗಾರ ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆಂದು ಬೋರ್ಡೋ ದ್ರಾವಣ ಕಲಸುತ್ತಾನೆ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕದಡಿ ಆಮೇಲೆ ಕೂಡಿಸಬೇಕು. ಹದ ಬಂದಿದೆಯೆ ಎಂದು ನೋಡಲು ಅವನು ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದುತ್ತಾನೆ. ಅಲಗಿನ ಮೇಲೆ ಕೆಂಪು ಕಂಡರೆ ತಾಮ್ರ ಇನ್ನೂ ಬಿಡುವಾಗಿದೆ, ಎಳೆಯ ಕಾಯಿಯನ್ನು ಸುಟ್ಟೀತು. ಇನ್ನಷ್ಟು ಸುಣ್ಣ ಹಾಕು. ಅದೇ ಮೊಳೆ, ಅದೇ ಮೈಲುತುತ್ತ, ಅದೇ ಸಮೀಕರಣ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬೆನ್ನು ಹತ್ತಿ ಈ ಔಷಧವನ್ನು ತೋಟಗಳಿಗೆ ಮುಟ್ಟಿಸಿದವನು. ಒಂದು ಶತಮಾನ ಕಳೆದರೂ ಆ ಚಾಕು ನಮ್ಮ ರಸಾಯನಶಾಸ್ತ್ರದ ಪಾಠದೊಳಕ್ಕೆ ಬರಲಿಲ್ಲ. ಶಿವಮೊಗ್ಗ, ಶಿರಸಿಗಳ ಕಡೆಯ ಹುಡುಗ ಮನೆಯಲ್ಲಿ ಚಾಕು ನೋಡುತ್ತಾನೆ, ಶಾಲೆಯಲ್ಲಿ ಮೊಳೆಯ ಬಗ್ಗೆ ಬರೆಯುತ್ತಾನೆ. ಎರಡೂ ಒಂದೇ ಎಂದು ಅವನಿಗೆ ಯಾರೂ ಹೇಳುವುದಿಲ್ಲ.

ಪಠ್ಯಪುಸ್ತಕದ ಸಂಗತಿಯೂ ಹೀಗೆಯೇ. ಎನ್.ಸಿ.ಇ.ಆರ್.ಟಿ.ಯ ಎಂಟನೆಯ ತರಗತಿಯ ವಿಜ್ಞಾನದಲ್ಲಿ ಬಹಳ ವರ್ಷ ಮೊದಲ ಪಾಠವೇ ಬೆಳೆಯ ಉತ್ಪಾದನೆಯನ್ನು ಕುರಿತದ್ದಾಗಿತ್ತು. ನಮ್ಮ ಮಕ್ಕಳೂ ಓದಿದರು. ಅದರಲ್ಲಿ ಕಾಲಗಳು ಎರಡು: ಖಾರಿಫ್ ಮತ್ತು ರಬಿ. ರಬಿಗೆ ಉದಾಹರಣೆ ಗೋಧಿ, ಕಡಲೆ, ಬಟಾಣಿ, ಸಾಸಿವೆ, ಅಗಸೆ. ಖಾರಿಫ್‌ಗೆ ಭತ್ತ, ಮುಸುಕಿನ ಜೋಳ, ಸೋಯಾ ಅವರೆ, ನೆಲಗಡಲೆ, ಹತ್ತಿ. ಆ ಪಟ್ಟಿಯಲ್ಲಿ ರಾಗಿ ಇಲ್ಲ. ಇಡೀ ದೇಶದಲ್ಲಿ ರಾಗಿಯನ್ನು ಎಲ್ಲರಿಗಿಂತ ಹೆಚ್ಚು ಬೆಳೆಯುವ ರಾಜ್ಯದ ಮಗು, ಬೆಳಿಗ್ಗೆ ಮುದ್ದೆಯುಂಡು ಶಾಲೆಗೆ ಬಂದು, ಸಾಸಿವೆ ರಬಿ ಬೆಳೆ ಎಂದು ಉರುಹೊಡೆಯಿತು. ಮುಂಗಾರು, ಹಿಂಗಾರು ಎಂಬ ಎರಡು ಮಾತು ಅದಕ್ಕೆ ಮನೆಯಲ್ಲೇ ಗೊತ್ತಿದ್ದವು. ಖಾರಿಫ್ ಎಂದರೆ ಮುಂಗಾರೇ ಎಂದು ಪರೀಕ್ಷೆ ಮುಗಿದ ಮೇಲೆ ತಿಳಿಯಿತು, ತಿಳಿದರೆ. ಆರಿದ್ರೆ, ಹಸ್ತ, ಚಿತ್ತೆ ಮಳೆಗಳ ಲೆಕ್ಕವನ್ನು ಅಜ್ಜಿಯೇ ಇಟ್ಟುಕೊಳ್ಳಲಿ, ಬಿಡಿ.

ರಾಗಿಯ ಮಾತು ಬಂದದ್ದರಿಂದ ಇನ್ನೊಂದು. ಮಂಡ್ಯದ ವಿ.ಸಿ. ಫಾರಮ್ಮಿನಲ್ಲಿ ಲಕ್ಷ್ಮಣಯ್ಯ ಎಂಬವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು. ಇಂಡಿಯಾದ "ಇಂಡ್", ಆಫ್ರಿಕಾದ "ಆಫ್", ಹೆಸರಿನಲ್ಲೇ ವಂಶಾವಳಿ. ರಾಗಿಯ ಹೂ ಎಷ್ಟು ಸಣ್ಣದೆಂದರೆ ಅದನ್ನು ಕೈಯಿಂದ ಸಂಕರ ಮಾಡುವುದೇ ಒಂದು ತಪಸ್ಸು. ಈ ನಾಡಿನ ಹೊಲಗಳಲ್ಲಿ ರಾಗಿಯ ಇಳುವರಿ ಏರಿದ್ದು ಆ ತಪಸ್ಸಿನಿಂದ. ಮೆಂಡೆಲನ ಬಟಾಣಿಯನ್ನು ನಾನು ಎಷ್ಟು ಬಾರಿ ಪಾಠ ಮಾಡಿದೆನೋ! ಲಕ್ಷ್ಮಣಯ್ಯನವರ ರಾಗಿಯನ್ನು ಒಂದು ಸಲವೂ ಮಾಡಲಿಲ್ಲ. ಪಾಠ ಮಾಡಲು ಅವರ ಹೆಸರೇ ನನಗೆ ಆಗ ಗೊತ್ತಿರಲಿಲ್ಲ.

ಇನ್ನು ಪರೀಕ್ಷೆ. ಕೃಷಿ, ತೋಟಗಾರಿಕೆ ಮೊದಲಾದ ಪದವಿಗಳಲ್ಲಿ ರೈತರ ಮಕ್ಕಳಿಗೆಂದು ನಮ್ಮ ರಾಜ್ಯದಲ್ಲಿ ಒಂದು ಪಾಲು ಸೀಟುಗಳನ್ನು ತೆಗೆದಿರಿಸಿ, ಅವರಿಗೆ ಪ್ರಾಯೋಗಿಕ ಪರೀಕ್ಷೆಯೊಂದನ್ನೂ ಗೊತ್ತುಮಾಡಿದರು. ಉದ್ದೇಶ ಒಳ್ಳೆಯದು: ನಿಜವಾಗಿ ಮಣ್ಣು ಮುಟ್ಟಿದ ಹುಡುಗನಿಗೆ ಅನುಕೂಲವಾಗಲಿ. ಕೆಲವು ವರ್ಷಗಳ ಹಿಂದೆ ಬಂಧುಗಳ ಹುಡುಗಿಯೊಬ್ಬಳ ಜೊತೆಗೆ ನಾನು ಆ ಪರೀಕ್ಷೆಯ ಕೇಂದ್ರಕ್ಕೆ ಹೋಗಿದ್ದೆ. ಗೇಟಿನ ಹೊರಗೆ ಮರದ ನೆರಳಿನಲ್ಲಿ ತಂದೆ ಮಕ್ಕಳು ಗುಂಪುಗುಂಪಾಗಿ ಕೂತಿದ್ದರು. ಒಬ್ಬ ಹುಡುಗನ ಕೈಯಲ್ಲಿ ಸಣ್ಣ ಸಣ್ಣ ಪ್ಲಾಸ್ಟಿಕ್ ಪೊಟ್ಟಣಗಳು: ಹುರುಳಿ, ತೊಗರಿ, ಅಲಸಂದೆ, ಹುಚ್ಚೆಳ್ಳು, ಹರಳು. ಪ್ರತಿಯೊಂದರ ಮೇಲೂ ಸಂಖ್ಯೆ. ಅವನು ಕಣ್ಣು ಮುಚ್ಚಿಕೊಂಡು ಸಂಖ್ಯೆಗೂ ಹೆಸರಿಗೂ ಗಂಟು ಹಾಕುತ್ತಿದ್ದ. ಪಕ್ಕದಲ್ಲಿ ಕೂತಿದ್ದ ತಂದೆ, ಕೈಯೆಲ್ಲ ಬಿರುಕುಬಿಟ್ಟ ಮನುಷ್ಯ, ಒಂದು ಪೊಟ್ಟಣ ಬಿಚ್ಚಿ ಕಾಳನ್ನು ಅಂಗೈ ಮೇಲೆ ಸುರಿದು, "ನಂಬರು ನೋಡಬ್ಯಾಡ ಮಗಾ, ಮುಟ್ಟಿ ನೋಡು" ಎನ್ನುತ್ತಿದ್ದ. ಹುಡುಗ, "ಸುಮ್ನಿರಪ್ಪ, ಕನ್‌ಫ್ಯೂಸ್ ಆಗ್ತದೆ" ಎಂದು ಗದರಿದ. ಹನ್ನೆರಡು ವರ್ಷ ಶಾಲೆಯಲ್ಲಿ ಕೂತ ರೈತನ ಮಗನಿಗೆ ಹುರುಳಿಕಾಳು ಒಂದು ನಂಬರಾಗಿ ಉಳಿದಿತ್ತು. ತಪ್ಪು ಅವನದಲ್ಲ. ಆ ಹನ್ನೆರಡು ವರ್ಷ ಅವನು ನನ್ನಂಥವರ ಕೈಯಲ್ಲಿದ್ದ.

ಹಾಗಾದರೆ ಏನು ಮಾಡಬೇಕೆನ್ನುತ್ತೀರಿ ಎಂದು ವಾಚಕರು ಕೇಳಬಹುದು. ಹಳ್ಳಿಯ ಶಾಲೆಗಳಿಗೆ ನಾನು ಏನನ್ನೂ ಹೇಳುವುದಿಲ್ಲ. ಅವಕ್ಕೆ ಉಪದೇಶ ಸಾಕಷ್ಟಾಗಿದೆ. ಬಿಸಿಯೂಟದ ಸಾಂಬಾರಿಗೆ ಶಾಲೆಯ ಹಿತ್ತಲಿನಿಂದಲೇ ಸೊಪ್ಪು ಕಿತ್ತು ಹಾಕುವ ಮೇಷ್ಟ್ರುಗಳೂ ಅಡುಗೆಯ ಅಮ್ಮಂದಿರೂ ಅಲ್ಲಲ್ಲಿ ಇದ್ದಾರೆ. ಶಾಲಾ ಕೈತೋಟ ಮಾಡಿರೆಂದು 2019ರಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಕಳಿಸುವುದಕ್ಕೆ ಮುಂಚೆಯೂ ಇದ್ದರು. ನನ್ನ ಮಾತು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಶಾಲೆಗಳಿಗೆ, ಲಕ್ಷಗಟ್ಟಲೆ ಶುಲ್ಕ ಕೊಟ್ಟು ನಾವು ಮಕ್ಕಳನ್ನು ಕಳಿಸುವ ಶಾಲೆಗಳಿಗೆ. ಕೃಷಿಯನ್ನು ಮೊದಲು ಅಲ್ಲಿ ಕಲಿಸಿ. ವಿಜ್ಞಾನದ ಪಾಠವೆಂದೇ ಕಲಿಸಿ, ಅಂಕವಿಟ್ಟು ಕಲಿಸಿ. ಲೆಕ್ಕ ಚೆನ್ನಾಗಿ ಬರುವ ಮಗುವನ್ನೇ ಮೊದಲು ಮಣ್ಣಿಗಿಳಿಸಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಡಗಿ, ತೋಟಗಾರ, ಕುಂಬಾರರ ಬಳಿ ಕಲಿಯಲಿ ಎಂದು ಹೇಳಿತು. ಹತ್ತು ದಿನದಲ್ಲಿ ಮೆಂತ್ಯದ ಸೊಪ್ಪೂ ಬರುವುದಿಲ್ಲ, ಸ್ವಾಮಿ. ಬೀಜ ಮೊಳೆತು ಎರಡೆಲೆ ತೋರಿಸುವಷ್ಟರಲ್ಲಿ ಮಕ್ಕಳು ಮತ್ತೆ ಚೀಲ ಹೊತ್ತಿರುತ್ತಾರೆ. ಫೋಟೋ ಮಾತ್ರ ಬಂದಿರುತ್ತದೆ.

ಜಾಗವೆಲ್ಲಿ ಎನ್ನುವವರಿಗೆ: ಒಂದು ಗುಂಟೆ ಎಂದರೆ 1089 ಚದರಡಿ, ನಿಮ್ಮ ಮೂವತ್ತು-ನಲವತ್ತರ ಸೈಟಿಗಿಂತ ಚಿಕ್ಕದು. ಒಂದು ತರಗತಿಗೆ ಅರ್ಧ ಗುಂಟೆ ಸಾಕು. ಬೇಸಿಗೆ ರಜದಲ್ಲಿ ನೀರು ಹಾಕುವವರು ಯಾರು ಎಂಬ ಪ್ರಶ್ನೆ ನಿಜವಾದದ್ದು; ಶಾಲೆಯ ತೋಟಗಳೆಲ್ಲ ಸಾಯುವುದು ಏಪ್ರಿಲ್ ಮೇ ತಿಂಗಳಲ್ಲಿಯೇ. ಆದರೆ ಶಾಲೆ ಬಾಗಿಲು ತೆರೆಯುವುದೂ ಮುಂಗಾರು ಬರುವುದೂ ಒಟ್ಟಿಗೇ ಅಲ್ಲವೆ? ದಂಟು, ಮೆಂತ್ಯ ಇಪ್ಪತ್ತೈದು ಮೂವತ್ತು ದಿನ. ಮೂಲಂಗಿ ನಲವತ್ತೈದು. ಜುಲೈಯಲ್ಲಿ ರಾಗಿ ಚೆಲ್ಲಿದರೆ ನವೆಂಬರಿನ ಸುಮಾರಿಗೆ ತೆನೆ ಕೊಯ್ಯಬಹುದು. ರಜಕ್ಕೆ ಮುಂಚೆ ನೆಲ ಖಾಲಿ ಮಾಡಿ ಹೋಗುವ ಬೆಳೆಗಳನ್ನು ಆರಿಸುವುದೇ ಮೊದಲನೆಯ ಪಾಠ. ಒಂದು ಕಟ್ಟುನಿಟ್ಟು ಮಾತ್ರ ಇರಲಿ: ಬೆಳೆದ ಮಗುವೇ ಅದನ್ನು ಮನೆಗೆ ಒಯ್ಯಬೇಕು. ಬದನೆಕಾಯಿ ಹೆಡ್ಮಾಸ್ಟರ ಮನೆಗೆ ಹೋಗಕೂಡದು.

ನಮ್ಮ ಮಕ್ಕಳಿಗೇಕೆ ಇದು ಬೇಕು? ರೈತರಾಗಲೆಂದಲ್ಲ, ಹತ್ತರಲ್ಲಿ ಒಂಬತ್ತು ಮಕ್ಕಳು ಆಗುವುದಿಲ್ಲ. ಅವರು ತಿನ್ನುವವರು, ಕೊಳ್ಳುವವರು, ಮುಂದೆ ಬೆಲೆ ನಿಗದಿ ಮಾಡುವ, ಸಾಲ ಮಂಜೂರು ಮಾಡುವ, ನೀರಾವರಿಯ ಕಡತಕ್ಕೆ ಸಹಿ ಹಾಕುವ ಕುರ್ಚಿಗಳಲ್ಲಿ ಕೂರುವವರು. 2011ರ ಜನಗಣತಿಯಲ್ಲಿ ಈ ರಾಜ್ಯದ ದುಡಿಯುವವರಲ್ಲಿ ಸುಮಾರು ಅರ್ಧದಷ್ಟು ಜನ ಸಾಗುವಳಿದಾರರು ಅಥವಾ ಕೃಷಿ ಕೂಲಿಗಳು. ಆ ಅರ್ಧದ ಕೆಲಸವೇನೆಂದು ಇನ್ನರ್ಧಕ್ಕೆ ಗೊತ್ತಿಲ್ಲ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ನಮ್ಮ ಬೆಂಚುಗಳ ಮೇಲೆ ಎದ್ದ ಗಲಾಟೆ ಹೇಳತೀರದು: ರೈತರು ಲೂಟಿ ಮಾಡುತ್ತಿದ್ದಾರೆ! ಅದೇ ಹಣ್ಣನ್ನು ಕೇಳುವವರಿಲ್ಲದೆ ಕೋಲಾರದ ಕಡೆ ರಸ್ತೆ ಬದಿಗೆ ಸುರಿದ ವರ್ಷಗಳಲ್ಲಿ ಈ ಬೆಂಚುಗಳು ಮೌನವಾಗಿದ್ದವು. ಬಿಳಿನೊಣ ತಂದ ಎಲೆ ಮುರುಟು ರೋಗಕ್ಕೆ ತನ್ನ ಹತ್ತು ಟೊಮೆಟೊ ಗಿಡಗಳಲ್ಲಿ ಆರನ್ನು ಕಳೆದುಕೊಂಡು ಅತ್ತ ಹನ್ನೆರಡು ವರ್ಷದ ಮಗು ದೊಡ್ಡದಾದ ಮೇಲೆ ಹಾಗೆ ಮಾತಾಡುವುದಿಲ್ಲ ಎಂದು ನನ್ನ ನಂಬಿಕೆ. ತಪ್ಪಿರಬಹುದು. ಆದರೆ ಕಲಿಸಿ ನೋಡಿದವರು ಯಾರು?

ಈಗ ನಮ್ಮ ಮಕ್ಕಳಿಗೆ ಇರುವುದು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ, ಜನವರಿಗೊಂದು, ಆಗಸ್ಟಿಗೊಂದು. ಗಾಜಿನ ಮನೆಯ ಮುಂದೆ ಸಾಲು ನಿಂತು ಹೂವಿನ ಗೋಪುರದ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆಂದು ಹತ್ತು ತಿಂಗಳ ತರಬೇತಿಯನ್ನೂ ನಡೆಸಿಕೊಂಡು ಬಂದಿದೆ. ರೈತರ ಮಕ್ಕಳಿಗೆ ತರಬೇತಿ, ನಮ್ಮ ಮಕ್ಕಳಿಗೆ ಪ್ರದರ್ಶನ. ದೇವನಹಳ್ಳಿಯ ಚಕ್ಕೋತ ಎಂಬುದೊಂದು ಹಣ್ಣಿದೆ, ಭೌಗೋಳಿಕ ಗುರುತಿನ ಮುದ್ರೆ ಬಿದ್ದಿರುವಂಥದು. 2008ರಲ್ಲಿ ಅಲ್ಲಿ ವಿಮಾನ ನಿಲ್ದಾಣ ತೆರೆಯಿತು. ಆ ದಾರಿಯಲ್ಲಿ ತಿಂಗಳಿಗೊಮ್ಮೆ ಹೋಗಿ ಬರುವ ನನ್ನ ಮೊಮ್ಮಗಳಿಗೆ ಚಕ್ಕೋತ ಯಾವುದೆಂದು ಗೊತ್ತಿರಲಿಲ್ಲ. ಅವಳ ಅಪ್ಪನಿಗೂ.

ಹೀಗೆಲ್ಲ ಯೋಚಿಸಿ ನಾನು ಒಂದು ಕಾಗದ ಬರೆದಿದ್ದೇನೆ, ಮೊಮ್ಮಗಳು ಓದುವ ಶಾಲೆಯ ಆಡಳಿತ ಮಂಡಳಿಗೆ. ಕಾಂಪೌಂಡಿನ ಪಕ್ಕದ ಪಟ್ಟೆಯಲ್ಲಿ ಮುಂದಿನ ಜೂನಿನಿಂದ ಏಳನೆಯ ತರಗತಿಯವರಿಗೆ ಅರ್ಧ ಗುಂಟೆ ಬಿಟ್ಟುಕೊಡಿ, ವಾರಕ್ಕೆರಡು ದಿನ ಸಂಬಳವಿಲ್ಲದೆ ನಾನು ಬರುತ್ತೇನೆ, ಇಪ್ಪತ್ತೈದು ಅಂಕವಿಡಿ ಎಂದು. ಪೋಷಕರ ಸಹಿ ಬೇಕು. ನಮ್ಮ ಇಂಜಿನಿಯರ್ ಮಿತ್ರರ ಮೊಮ್ಮಗನೂ ಅದೇ ತರಗತಿಯಲ್ಲಿದ್ದಾನೆ. ಮೊನ್ನೆ ಬೆಂಚಿನ ಮೇಲೆ ಕಾಗದ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಅಂಕದ ವಿಷಯ ಪರವಾಗಿಲ್ಲ, ಆದರೆ ಆ ಪಟ್ಟೆಯಲ್ಲಿ ಬೆಳಿಗ್ಗೆ ಮಕ್ಕಳನ್ನು ಇಳಿಸುವ ಕಾರುಗಳು ನಿಲ್ಲುತ್ತವಲ್ಲ, ಅದಕ್ಕೇನು ಮಾಡುತ್ತೀರಿ ಎಂದರು. ಬೇರೆ ಜಾಗ ತೋರಿಸಿದರೆ ಸಹಿ ಹಾಕುತ್ತಾರಂತೆ. ಕಾಗದ ನನ್ನ ಜೇಬಿನಲ್ಲಿದೆ. ಸದ್ಯಕ್ಕೆ ಅದರಲ್ಲಿರುವ ಸಹಿ ನನ್ನದೊಂದೇ.